‘ಶೋ ಬೋಟ್’ನ ಮೂಟೆ ಹೊರುವವನು: ಪಾಲ್ ರೋಬ್ಸನ್ ಮತ್ತು ಅವರು ಬದಲಿಸಿದ ಹಾಡು

ಭೂಪೇನ್ ಹಜಾರಿಕಾ ಗಂಗೆಯನ್ನು ತರಾಟೆಗೆ ತಗೊಳ್ಳೋ ಆ ಹಿಂದಿ ಹಾಡನ್ನು ನನ್ನ ವಯಸ್ಸಿನ ಬಹಳಷ್ಟು ಜನ ಕೇಳಿದ್ದೇವೆ. ದಡದಲ್ಲಿ ಇಷ್ಟೆಲ್ಲ ಜನ ನರಳುತ್ತಿರುವಾಗ ನೀನು ಸುಮ್ಮನೆ ಹೇಗೆ ಹರಿಯುತ್ತೀಯ ಅಂತ ನದಿಯನ್ನೇ ಕೇಳೋ ಹಾಡು ಅದು. ಅದರ ಹಿಂದೆ ಒಂದು ಅಮೆರಿಕನ್ ಹಾಡಿದೆ, ಅದನ್ನು ಹಾಡಿದವರು ಪಾಲ್ ರೋಬ್ಸನ್ ಅನ್ನೋದೂ ನನಗೆ ಗೊತ್ತಿತ್ತು. ಆದರೆ ಮೂಲ ಹಾಡು ಹುಟ್ಟಿದ್ದು ಯಾವುದೋ ಮುಷ್ಕರದಲ್ಲೋ ಮೆರವಣಿಗೆಯಲ್ಲೋ ಇರಬೇಕು ಅಂತ ನಾನಾಗೇ ಅಂದುಕೊಂಡುಬಿಟ್ಟಿದ್ದೆ. ಅದು ಹುಟ್ಟಿದ್ದು ದೋಣಿ ಮೇಲೆ ನಾಟಕ ಆಡೋ ಒಂದು ಕಂಪನಿ, ಮಾಲೀಕನ ಮಗಳು, ಅವಳ ಹಿಂದೆ ಬೀಳೋ ಒಬ್ಬ ಜೂಜುಕೋರ, ಹೀಗೆ ಸಾಗೋ ಹಾಡು-ಕುಣಿತದ ಪ್ರೇಮಕಥೆಯೊಂದಕ್ಕೆ ಅಂತ ತಿಳಿದಾಗ ಸ್ವಲ್ಪ ಪಿಚ್ಚೆನಿಸಿತು.

ಆಮೇಲೆ ಆ ಸಿನಿಮಾ ನೋಡಿದೆ. 1936ರ ‘ಶೋ ಬೋಟ್’, ಜೇಮ್ಸ್ ವೇಲ್ ನಿರ್ದೇಶನ, ಕಪ್ಪು-ಬಿಳುಪು. ಐರೀನ್ ಡನ್ ನಾಯಕಿ ಮ್ಯಾಗ್ನೋಲಿಯಾ. ಅಲನ್ ಜೋನ್ಸ್ ಜೂಜುಕೋರ ರಾವೆನಲ್. ಒಳ್ಳೇ ಬಟ್ಟೆ, ಇನ್ನೂ ಒಳ್ಳೇ ಮಾತು, ಖಾಲಿ ಜೇಬು. ರೋಬ್ಸನ್ ಮಾಡಿದ್ದು ಜೋ ಅನ್ನೋ ಪಾತ್ರ. ದೋಣಿಯ ಆಳು. ಸೋಮಾರಿ, ಹೆಂಡತಿ ಹತ್ತಿರ ಬೈಸಿಕೊಳ್ಳೋದೇ ಅವನ ಕೆಲಸ. ಹೆಂಡತಿಯಾಗಿ ಹ್ಯಾಟಿ ಮೆಕ್‌ಡೇನಿಯಲ್. ಜೋ ಎಷ್ಟು ಮೈಗಳ್ಳ ಅಂತ ತೋರಿಸೋಕೇ ಇಬ್ಬರಿಗೂ ಸೇರಿಸಿ ಒಂದು ಹೊಸ ಹಾಡು ಬೇರೆ ಬರೆಸಿದ್ದಾರೆ. ಸಾಲದ್ದಕ್ಕೆ ನಾಯಕಿ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸೋ ಒಂದು ಕುಣಿತವೂ ಇದೆ.

ಇದರ ನಡುವೆ ಆ ಹಾಡು ಬರುತ್ತೆ. ದೋಣಿ ನಿಲ್ಲೋ ಕಟ್ಟೆಯ ಮೇಲೆ ಕೂತು ರೋಬ್ಸನ್ ಹಾಡೋಕೆ ಶುರು ಮಾಡುತ್ತಾರೆ. ಕ್ಯಾಮೆರಾ ಅವರ ಸುತ್ತ ಬಳಸಿಕೊಂಡು ಬಂದು ಮುಖಕ್ಕೆ ಹತ್ತಿರವಾಗುತ್ತೆ. ಹತ್ತಿ ಬಿಡಿಸೋದು, ಮೂಟೆ ಹೊರೋದು, ಜೈಲಿಗೆ ಬೀಳೋದು, ಎಲ್ಲ ಒಂದರ ಮೇಲೊಂದು ಬಂದು ಹೋಗುತ್ತೆ. ಕೆಲವೇ ನಿಮಿಷ. ಹಾಡು ಮುಗಿದ ಮೇಲೆ ಮತ್ತೆ ಅದೇ ಸೋಮಾರಿ ಜೋ. ಇಷ್ಟು ಓದಿದ, ಇಷ್ಟು ಸ್ವಾಭಿಮಾನದ ಮನುಷ್ಯ ಈ ಪಾತ್ರವನ್ನು ಯಾಕೆ ಒಪ್ಪಿಕೊಂಡರು? ಅದಕ್ಕೆ ಅವರ ಬದುಕನ್ನು ಮೊದಲಿಂದ ನೋಡಬೇಕು.

ರೋಬ್ಸನ್ ಹುಟ್ಟಿದ್ದು 1898ರ ಏಪ್ರಿಲ್ 9ರಂದು, ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ. ಅಪ್ಪ ವಿಲಿಯಂ ಡ್ರೂ ರೋಬ್ಸನ್ ಹುಟ್ಟಾ ಗುಲಾಮ. ಹದಿನೈದನೇ ವಯಸ್ಸಿಗೆ ನಾರ್ತ್ ಕೆರೊಲಿನಾದ ತೋಟದಿಂದ ತಪ್ಪಿಸಿಕೊಂಡು ಬಂದು, ಓದಿ, ಪಾದ್ರಿಯಾದವರು. ಚರ್ಚ್ ಕೆಲಸ ಕಳಕೊಂಡ ಮೇಲೆ ಅದೇ ಊರಲ್ಲಿ ಮನೆಮನೆಯ ಬೂದಿ ಸಾಗಿಸೋ ಗಾಡಿ ಹೊಡೆದರು. ಹಾಗಂತ ತಲೆ ತಗ್ಗಿಸಿ ನಡೆದವರಲ್ಲ. ಪಾಲ್‌ಗೆ ಆರು ವರ್ಷ ತುಂಬೋದಕ್ಕೆ ಸ್ವಲ್ಪ ಮೊದಲು ಅಮ್ಮ ಒಲೆಯ ಕೆಂಡ ಬಟ್ಟೆಗೆ ತಗುಲಿ ತೀರಿಕೊಂಡರು. ಅವರಿಗೆ ಆಗಲೇ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

1915ರಲ್ಲಿ ಸ್ಕಾಲರ್‌ಶಿಪ್ ಮೇಲೆ ರಟ್ಗರ್ಸ್ ಕಾಲೇಜಿಗೆ ಸೇರಿದರು. ಆಗ ಅಲ್ಲಿದ್ದ ಒಬ್ಬನೇ ಕಪ್ಪು ವಿದ್ಯಾರ್ಥಿ. ಅಮೆರಿಕನ್ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಮೈಗೆ ಮೈ ಡಿಕ್ಕಿ ಹೊಡೆಯೋ ಆಟ. ತಂಡಕ್ಕೆ ಆಯ್ಕೆ ನಡೆಯೋವಾಗ ಸ್ವಂತ ಕಾಲೇಜಿನ ಹುಡುಗರೇ ಅವರ ಮೂಗು ಮುರಿದರು, ಕೈ ಮೇಲೆ ಬೂಟುಗಾಲಲ್ಲಿ ತುಳಿದರು. ಮರಳಿ ಮೈದಾನಕ್ಕೆ ಹೋದರು. ದಕ್ಷಿಣದ ಕಾಲೇಜೊಂದು ಕಪ್ಪು ಹುಡುಗನಿದ್ದರೆ ನಾವು ಆಡೋದಿಲ್ಲ ಅಂದಾಗ ಅವರದೇ ಕಾಲೇಜು ಅವರನ್ನು ಹೊರಗೆ ಕೂರಿಸಿತು. ಅದನ್ನೂ ನುಂಗಿಕೊಂಡರು. 1917 ಮತ್ತು 1918ರಲ್ಲಿ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿತ್ತು. 1919ರಲ್ಲಿ ತರಗತಿಗೇ ಮೊದಲಿಗರಾಗಿ ಬೀಳ್ಕೊಡುಗೆ ಭಾಷಣ ಮಾಡಿದರು.

ಆಮೇಲೆ ಕೊಲಂಬಿಯಾದಲ್ಲಿ ಲಾ. ಫೀಸಿಗೆ ದುಡ್ಡು ವೃತ್ತಿಪರ ಫುಟ್‌ಬಾಲ್‌ನಿಂದ. 1921ರಲ್ಲಿ ಎಸ್‌ಲಾಂಡಾ ಗೂಡ್ ಜೊತೆ ಮದುವೆ. ಗಂಡನ ವ್ಯವಹಾರ ನೋಡಿಕೊಂಡವರು, ನಾಟಕದ ಕಡೆ ತಳ್ಳಿದವರು ಈ ಹೆಣ್ಣುಮಗಳೇ. ವಕೀಲಿಕೆ ಹೆಚ್ಚು ದಿನ ನಡೀಲಿಲ್ಲ. ಕಪ್ಪು ಮನುಷ್ಯ ಹೇಳಿದ್ದನ್ನು ನಾನು ಬರೆದುಕೊಳ್ಳೋದಿಲ್ಲ ಅಂತ ಕಚೇರಿಯ ಸ್ಟೆನೋಗ್ರಾಫರ್ ಎದ್ದು ಹೋದಳು. ರೋಬ್ಸನ್ ಕಚೇರಿಯನ್ನೇ ಬಿಟ್ಟರು. 1924ರಲ್ಲಿ ಯೂಜೀನ್ ಓನೀಲ್ ನಾಟಕಗಳು ಹೆಸರು ತಂದವು. 1925ರ ಏಪ್ರಿಲ್‌ನಲ್ಲಿ ಲಾರೆನ್ಸ್ ಬ್ರೌನ್ ಅವರ ಪಿಯಾನೊ ಜೊತೆ ನ್ಯೂಯಾರ್ಕಿನಲ್ಲಿ ಒಂದು ಕಛೇರಿ ಕೊಟ್ಟರು. ಅಲ್ಲಿ ಹಾಡಿದ್ದೆಲ್ಲ ಕಪ್ಪು ಜನರ ಹಾಡುಗಳೇ, ಹೆಚ್ಚಿನವು ಗುಲಾಮಗಿರಿಯ ಕಾಲದ ಭಕ್ತಿಗೀತೆಗಳು. ಬೇಸ್-ಬ್ಯಾರಿಟೋನ್ ದನಿ. ಇಷ್ಟು ತಳದಿಂದ ಬರೋ ದನಿ ಇಷ್ಟು ಮೆತ್ತಗಿರೋದು ಅಪರೂಪ.

ಈಗ ದೋಣಿಯ ಕಥೆಗೆ ಬರೋಣ. ನಮ್ಮ ಕಂಪನಿ ನಾಟಕಗಳು ಊರೂರಿಗೆ ಕ್ಯಾಂಪ್ ಹಾಕುತ್ತಿದ್ದ ಹಾಗೆ ಅಮೆರಿಕದ ನದಿಗಳಲ್ಲಿ ತೇಲೋ ನಾಟಕಶಾಲೆಗಳಿದ್ದವು. 1831ರಲ್ಲಿ ಚಾಪ್‌ಮನ್ ಅನ್ನೋ ನಟರ ಕುಟುಂಬ ಪಿಟ್ಸ್‌ಬರ್ಗ್‌ನಿಂದ ಹೊರಟು ನದಿ ಹರಿದ ಕಡೆಗೆ ಸಾಗುತ್ತ, ದಡದ ಊರುಗಳಲ್ಲಿ ನಾಟಕ ಆಡಿತ್ತು. ಸಿನಿಮಾಗಳಲ್ಲಿ ಶೋ ಬೋಟ್ ಅಂದರೆ ದೊಡ್ಡ ಚಕ್ರ ತಿರುಗೋ ಹಬೆ ಹಡಗು. ನಿಜವಾಗಿ ಅವುಗಳಿಗೆ ಸಾಮಾನ್ಯವಾಗಿ ಇಂಜಿನ್ನೇ ಇರುತ್ತಿರಲಿಲ್ಲ. ಚಪ್ಪಟೆ ತಳದ ತೇಲುಮನೆ, ತಳ್ಳೋದಕ್ಕೆ ಬೇರೊಂದು ಚಿಕ್ಕ ಹಬೆದೋಣಿ. ಪ್ರಯಾಣಿಕರ ಹಬೆ ಹಡಗುಗಳ ಲೋಕ ಬೇರೆ. ಜೂಜುಕೋರರು ಬೀಡುಬಿಟ್ಟಿದ್ದು ಅಲ್ಲಿ. ಹತ್ತಿ ಮಾರಿ ಜೇಬು ತುಂಬಿಸಿಕೊಂಡು ಬರೋ ತೋಟದ ಮಾಲೀಕರನ್ನು ಇಸ್ಪೀಟಿನಲ್ಲಿ ಬೋಳಿಸೋದೇ ಕಸುಬು. ಕಥೆಗಳಲ್ಲಿ ಅವರು ರಸಿಕರು. ದಡದ ಊರಿನ ಜನ ಅವರನ್ನು ಹಾಗೆ ನೋಡಿರಲಿಲ್ಲ. 1835ರಲ್ಲಿ ವಿಕ್ಸ್‌ಬರ್ಗ್‌ನಲ್ಲಿ ಐದು ಜನ ಜೂಜುಕೋರರನ್ನು ವಿಚಾರಣೆ ಗಿಚಾರಣೆ ಇಲ್ಲದೆ ಗಲ್ಲಿಗೆ ಹಾಕಿದ್ದರು.

ಕಾದಂಬರಿಗಾರ್ತಿ ಎಡ್ನಾ ಫರ್ಬರ್ 1925ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಇಂಥದ್ದೇ ಒಂದು ತೇಲುವ ನಾಟಕಶಾಲೆಯವರ ಜೊತೆ ಕೆಲವು ದಿನ ಇದ್ದು, ಟಿಕೆಟ್ ಮಾರೋದರಿಂದ ಹಿಡಿದು ಎಲ್ಲ ನೋಡಿಕೊಂಡು ಬಂದು 1926ರಲ್ಲಿ ‘ಶೋ ಬೋಟ್’ ಪ್ರಕಟಿಸಿದರು. ಮರುವರ್ಷದ ಕೊನೆಗೆ ಜೆರೋಮ್ ಕರ್ನ್ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಸಾಹಿತ್ಯದಲ್ಲಿ ಅದು ಬ್ರಾಡ್‌ವೇ ನಾಟಕವಾಯಿತು. ರಾವೆನಲ್ ಮ್ಯಾಗ್ನೋಲಿಯಾಳನ್ನು ಮದುವೆಯಾಗಿ ಷಿಕಾಗೋಗೆ ಕರೆದೊಯ್ಯುತ್ತಾನೆ, ಜೂಜಲ್ಲಿ ಎಲ್ಲ ಕಳೆದು ಹೆಂಡತಿ-ಮಗಳನ್ನು ಬಿಟ್ಟು ಹೋಗುತ್ತಾನೆ, ವರ್ಷಗಳ ಮೇಲೆ ಮತ್ತೆ ಸೇರುತ್ತಾರೆ. ಇದು ಮೇಲಿನ ಕಥೆ. ಒಳಗಿರೋದು ಜೂಲಿಯ ಕಥೆ. ಕಂಪನಿಯ ಮುಖ್ಯ ನಟಿ ಅವಳು. ಅವಳ ಮೈಯಲ್ಲಿ ಸ್ವಲ್ಪ ಕಪ್ಪು ರಕ್ತ ಇದೆ, ಗಂಡ ಬಿಳಿಯ ಅನ್ನೋದು ಬಯಲಾದಾಗ ಪೊಲೀಸ್ ಬರುತ್ತಾನೆ. ಅಂಥ ಮದುವೆ ಅಲ್ಲಿ ಅಪರಾಧ. ಗಂಡ ಅವಳ ಬೆರಳು ಕೊಯ್ದು ರಕ್ತ ಚೀಪಿ, ಈಗ ನನ್ನೊಳಗೂ ಕಪ್ಪು ರಕ್ತ ಇದೆ ಅಂತ ಪ್ರಮಾಣ ಮಾಡುತ್ತಾನೆ. ಆದರೂ ಇಬ್ಬರೂ ದೋಣಿ ಬಿಡಬೇಕಾಗುತ್ತೆ. ನಗಿಸೋಕೆ ಅಂತ ಕಟ್ಟಿದ 1927ರ ನಾಟಕದಲ್ಲಿ ಇದಿತ್ತು ಅನ್ನೋದನ್ನು ಮರೆಯಬಾರದು.

ಕರ್ನ್ ಮತ್ತು ಹ್ಯಾಮರ್‌ಸ್ಟೈನ್ ಜೋ ಪಾತ್ರಕ್ಕೆ ಮನಸ್ಸಲ್ಲಿಟ್ಟುಕೊಂಡಿದ್ದು ರೋಬ್ಸನ್‌ರನ್ನೇ. ನಾಟಕ ತಡವಾಗಿ ಮೊದಲು ಹಾಡಿದ್ದು ಜೂಲ್ಸ್ ಬ್ಲೆಡ್ಸೋ. ರೋಬ್ಸನ್ ಹಾಡಿದ್ದು 1928ರಲ್ಲಿ, ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿನಲ್ಲಿ. ಕರ್ನ್ ಮಾಡಿದ ಒಂದು ಚಮತ್ಕಾರ ಕೇಳಿ: ದೋಣಿಯ ಹೆಸರು ‘ಕಾಟನ್ ಬ್ಲಾಸಮ್’. ಆ ಹೆಸರನ್ನು ಕೂಗೋ ಹರ್ಷದ ಧಾಟಿಯಲ್ಲಿರೋ ಸ್ವರಗಳನ್ನು ಹಿಂದುಮುಂದು ಮಾಡಿದರೆ ‘ಓಲ್ ಮ್ಯಾನ್ ರಿವರ್’ನ ಪಲ್ಲವಿ ಸಿಗುತ್ತೆ. ದೋಣಿಯ ಮೇಲಿನವರ ಸಂಭ್ರಮ, ದಡದಲ್ಲಿ ಮೂಟೆ ಹೊರುವವರ ದಣಿವು, ಎರಡಕ್ಕೂ ಸ್ವರ ಅವೇ. ಪಲ್ಲವಿ ಬಹುತೇಕ ಐದೇ ಸ್ವರಗಳ ಮೇಲೆ ನಿಂತಿದೆ. ನಮ್ಮ ಕಿವಿಗೆ ಮೋಹನದ ನೆರಳು ಕಂಡರೆ ಆಶ್ಚರ್ಯವಿಲ್ಲ.

ಧಾಟಿ ಹೀಗೆ, ಮಾತು ಬೇರೆ. ಹಾಡು ಶುರುವಾಗೋದೇ ಕಪ್ಪು ಜನರನ್ನು ಹೀಯಾಳಿಸೋ ಬೈಗುಳದಿಂದ. ಹಾಡೋನು ಏನನ್ನೂ ಲೆಕ್ಕಿಸದೆ ಹರಿಯೋ ಆ ನದಿಯಂತಾಗಬೇಕು ಅಂತ ಬಯಸುತ್ತಾನೆ. ಕುಡಿದರೆ ಜೈಲು ಅಂತ ಗೊಣಗುತ್ತಾನೆ. ಕೊನೆಗೆ ಬದುಕೂ ಬೇಡ, ಸಾವಿಗೂ ಹೆದರಿಕೆ ಅನ್ನೋ ಸ್ಥಿತಿಗೆ ಬಂದು ನಿಲ್ಲುತ್ತಾನೆ. ಇದನ್ನು ಹಾಡಿದ್ದಕ್ಕೆ ಕಪ್ಪು ಪತ್ರಕರ್ತರಲ್ಲೇ ಕೆಲವರು ರೋಬ್ಸನ್ ಮೇಲೆ ಹರಿಹಾಯ್ದರು. ಬಿಳಿಯರು ನೋಡೋಕೆ ಇಷ್ಟಪಡೋ ಕಪ್ಪು ಮನುಷ್ಯನನ್ನೇ ಮತ್ತೆ ತೋರಿಸುತ್ತಿದ್ದಾರೆ ಅನ್ನೋದು ಅವರ ತಕರಾರು. ತಕರಾರು ಸುಳ್ಳಲ್ಲ. ಆದರೆ ಆ ಕಾಲದಲ್ಲಿ ಅವರಿಗೆ ಇದ್ದ ಆಯ್ಕೆಗಳೇನು? ಆಳು, ಕಾಡುಮನುಷ್ಯ, ಇಲ್ಲವೇ ಮನೆಯಲ್ಲಿ ಕೂರೋದು.

ಲಂಡನ್ನು ಅವರಿಗೆ ಬೇರೆ ಬಾಗಿಲು ತೆರೆಯಿತು. 1930ರಲ್ಲಿ ಪೆಗ್ಗಿ ಆಶ್‌ಕ್ರಾಫ್ಟ್ ಜೊತೆ ‘ಒಥೆಲೊ’ ಮಾಡಿದರು. ಆಫ್ರಿಕಾದ ಭಾಷೆಗಳನ್ನು ಕೂತು ಕಲಿತರು. ಕೆಲಸ ಕಳಕೊಂಡು ಬೀದಿಯಲ್ಲಿ ಹಾಡುತ್ತ ಬಂದ ವೇಲ್ಸ್ ಗಣಿ ಕಾರ್ಮಿಕರ ಜೊತೆ ಸೇರಿಕೊಂಡರು, ಆ ಸ್ನೇಹ ಕೊನೆತನಕ ಉಳಿಯಿತು. ಒಂದು ದೊಡ್ಡ ಪೆಟ್ಟೂ ಅಲ್ಲೇ ಬಿತ್ತು. 1935ರ ‘ಸ್ಯಾಂಡರ್ಸ್ ಆಫ್ ದಿ ರಿವರ್’ ಆಫ್ರಿಕಾದ ಸಂಸ್ಕೃತಿಯನ್ನು ಗೌರವದಿಂದ ತೋರಿಸುತ್ತೆ ಅಂತ ನಂಬಿ ನಟಿಸಿದರು, ತೆರೆ ಮೇಲೆ ನೋಡಿದರೆ ಬ್ರಿಟಿಷ್ ಸಾಮ್ರಾಜ್ಯದ ಭಜನೆ. (ಅದರಲ್ಲಿ ಗುಂಪಿನಲ್ಲಿ ನಿಂತ ಸಹನಟರಲ್ಲಿ ಒಬ್ಬರು ಜೋಮೊ ಕೆನ್ಯಾಟಾ, ಮುಂದೆ ಸ್ವತಂತ್ರ ಕೆನ್ಯಾದ ಮುಖ್ಯಸ್ಥರಾದವರು.) ಮುಂದೆ 1942ರ ಇನ್ನೊಂದು ಚಿತ್ರದಲ್ಲೂ ಇಂಥದ್ದೇ ಅವಮಾನ ಆದ ಮೇಲೆ ಹಾಲಿವುಡ್‌ಗೆ ಕೈಮುಗಿದರು.

ಈ ಎರಡರ ನಡುವೆ ಬಂದಿದ್ದು ‘ಶೋ ಬೋಟ್’ ಸಿನಿಮಾ. ಅದರಲ್ಲಿ ಆ ಬೈಗುಳದ ಜಾಗಕ್ಕೆ ತುಸು ಮೆತ್ತಗಿನ, ಆದರೂ ಕೀಳಾಗಿ ಕಾಣೋ ಇನ್ನೊಂದು ಪದ ಬಂದಿದೆ, ಅಷ್ಟೇ. ನಿಜವಾದ ಬದಲಾವಣೆ ಆಗಿದ್ದು ಸ್ಪೇನ್ ಯುದ್ಧದ ಹೊತ್ತಿಗೆ. ಫ್ರಾಂಕೋ ವಿರುದ್ಧ ಹೋರಾಡುತ್ತಿದ್ದವರಿಗಾಗಿ ಲಂಡನ್ನಿನಲ್ಲಿ ಸಭೆಗಳಾಗುತ್ತಿದ್ದವು. 1938ರಲ್ಲಿ ರೋಬ್ಸನ್ ಸ್ಪೇನಿಗೇ ಹೋಗಿ ಸೈನಿಕರ ಮುಂದೆ ಹಾಡಿ ಬಂದರು. ಆ ವೇದಿಕೆಗಳಲ್ಲಿ ಜನ ಕೇಳುತ್ತಿದ್ದದ್ದು ಇದೇ ನದಿಯ ಹಾಡು. ಬದುಕಿಗೆ ಸೋತವನ ಹಾಡನ್ನು ಗುಂಡಿನ ಮುಂದೆ ನಿಂತವರಿಗೆ ಹಾಡೋದು ಹೇಗೆ?

ಹಾಡನ್ನು ಅವರು ಬಿಡಲಿಲ್ಲ. ಧಾಟಿಯ ಒಂದು ಸ್ವರವನ್ನೂ ಮುಟ್ಟಲಿಲ್ಲ. ಮಾತು ತಿದ್ದಿದರು. ಬೈಗುಳ ಪೂರ್ತಿ ಹೋಯಿತು. ನದಿಯಂತಾಗಬೇಕು ಅನ್ನೋ ಆಸೆ ತಿರುಗಿ, ಆ ನದಿಯಂತೆ ತಾನಾಗಲಾರೆ ಅನ್ನೋ ನಿರಾಕರಣೆಯಾಯಿತು. ಜೈಲಿಗೆ ಹೋಗೋದು ಈಗ ಕುಡಿದಿದ್ದಕ್ಕಲ್ಲ, ಎದೆಗಾರಿಕೆ ತೋರಿದ್ದಕ್ಕೆ. ಸಾವಿನ ಭಯ ಇದ್ದ ಕಡೆ ಉಸಿರಿರೋ ತನಕ ಹೋರಾಟ ಬಂತು. ತಿದ್ದಿದ್ದು ಬೆರಳೆಣಿಕೆಯಷ್ಟು ಪದ. ನೀವು ಎರಡೂ ಧ್ವನಿಮುದ್ರಣ ಒಂದಾದ ಮೇಲೊಂದು ಕೇಳಿ ನೋಡಿ, ದನಿ ಏರೋ ಜಾಗವೇ ಬದಲಾದ ಹಾಗೆ ಅನಿಸುತ್ತೆ.

ಹ್ಯಾಮರ್‌ಸ್ಟೈನ್‌ಗೆ ಇದು ಹಿಡಿಸಲಿಲ್ಲ. ತಾನು ಬರೆದದ್ದನ್ನು ತಿದ್ದೋ ಹಕ್ಕು ಯಾರಿಗೂ ಇಲ್ಲ ಅನ್ನೋದು ಅವರ ನಿಲುವು. ಅವರೇನೂ ಜನಾಂಗದ್ವೇಷಿಯಲ್ಲ. ಜೂಲಿಯ ಪ್ರಸಂಗವನ್ನು ವೇದಿಕೆಗೆ ತಂದವರು, ಮುಂದೆ ‘ಸೌತ್ ಪೆಸಿಫಿಕ್’ನಲ್ಲಿ ಮಕ್ಕಳಿಗೆ ದ್ವೇಷ ಕಲಿಸೋ ಸಮಾಜವನ್ನು ಟೀಕಿಸಿದವರು. ಬರಹಗಾರನಾಗಿ ನನಗೂ ಅವರ ಸಿಟ್ಟು ಅರ್ಥ ಆಗುತ್ತೆ. ನನ್ನ ಸಾಲನ್ನು ಬೇರೆಯವರು ತಿದ್ದಿ ನನ್ನ ಹೆಸರಲ್ಲೇ ಹಾಡಿದರೆ ನಾನೂ ಜಗಳ ತೆಗೀತೀನಿ. ಆದರೆ ಇಲ್ಲಿ ಲೆಕ್ಕ ಬೇರೆ. ಹ್ಯಾಮರ್‌ಸ್ಟೈನ್ ಕಪ್ಪು ಕೂಲಿಯವನ ದುಃಖವನ್ನು ಊಹಿಸಿ ಬರೆದರು, ಪ್ರೀತಿಯಿಂದಲೇ ಬರೆದರು. ಆ ದುಃಖದ ವಾರಸುದಾರನೇ ಎದ್ದು ನಿಂತು ನಮ್ಮವರು ಹೀಗೆ ಮಾತಾಡೋದಿಲ್ಲ ಅಂದರೆ ಯಾರ ಮಾತು ನಡೀಬೇಕು? ನಾನಂತೂ ರೋಬ್ಸನ್ ಕಡೆ.

ಅಮೆರಿಕಕ್ಕೆ ವಾಪಸಾದ ಮೇಲೆ ಕೆಲವು ವರ್ಷ ಅವರನ್ನು ಹಿಡಿಯೋರೇ ಇರಲಿಲ್ಲ. 1943ರ ಬ್ರಾಡ್‌ವೇ ‘ಒಥೆಲೊ’ 296 ಪ್ರದರ್ಶನ ಕಂಡಿತು. ಯುದ್ಧ ಮುಗಿದು ಗಾಳಿ ತಿರುಗಿತು. ಸೋವಿಯತ್ ಒಕ್ಕೂಟದ ಪರ, ವಸಾಹತುಶಾಹಿ ವಿರುದ್ಧ, ಕಪ್ಪು ಜನರನ್ನು ಕೊಲ್ಲೋ ಗುಂಪುಗಳ ವಿರುದ್ಧ ಮಾತಾಡೋ ಗಾಯಕ ಸರ್ಕಾರದ ಕಣ್ಣಿಗೆ ಬಿದ್ದ. 1949ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಭಾಷಣವೊಂದು ತಿರುಚಿಕೊಂಡು ವರದಿಯಾಯಿತು. ಅದೇ ವರ್ಷ ನ್ಯೂಯಾರ್ಕ್ ಹತ್ತಿರದ ಪೀಕ್‌ಸ್ಕಿಲ್‌ನಲ್ಲಿ ಅವರ ಕಛೇರಿಗೆ ಬಂದವರ ಮೇಲೆ ಕಲ್ಲು ಬಿದ್ದವು. 1950ರಲ್ಲಿ ಪಾಸ್‌ಪೋರ್ಟ್ ಹೋಯಿತು. ಸಭಾಂಗಣಗಳು ಬಾಗಿಲು ಹಾಕಿದವು. ವರ್ಷಕ್ಕೆ ಒಂದು ಲಕ್ಷ ಡಾಲರಿನ ಮೇಲಿದ್ದ ಆದಾಯ ಕೆಲವೇ ಸಾವಿರಕ್ಕೆ ಇಳಿಯಿತು. ಮೂಗು ಮುರಿಸಿಕೊಂಡು ಗಳಿಸಿದ ಫುಟ್‌ಬಾಲ್ ಪಟ್ಟಿಯಿಂದಲೂ ಅವರ ಹೆಸರು ಕಾಣೆಯಾಯಿತು.

ಸಿನಿಮಾಕ್ಕೂ ಅದೇ ಗತಿ. ಎಂಜಿಎಂ ಕಂಪನಿ 1936ರ ‘ಶೋ ಬೋಟ್’ನ ಹಕ್ಕು ಕೊಂಡು ಅದನ್ನು ಒಳಗಿಟ್ಟು, 1951ರಲ್ಲಿ ಬಣ್ಣದಲ್ಲಿ ಹೊಸದಾಗಿ ತೆಗೆಯಿತು. ಹೊಸದರಲ್ಲಿ ಜೋ ಆಗಿ ವಿಲಿಯಂ ವಾರ್‌ಫೀಲ್ಡ್ ಸೊಗಸಾಗಿ ಹಾಡಿದರು, ಆದರೆ ಪಾತ್ರವನ್ನು ಇನ್ನಷ್ಟು ಕತ್ತರಿಸಿದ್ದರು. ಕಪ್ಪು ರಕ್ತದ ಜೂಲಿ ಪಾತ್ರ ಲೀನಾ ಹಾರ್ನ್ ಎಂಬ ಕಪ್ಪು ಗಾಯಕಿಗೆ ಸಿಗದೆ ಬಿಳಿಯ ತಾರೆ ಆವಾ ಗಾರ್ಡ್ನರ್‌ಗೆ ಹೋಯಿತು. ಹಳೆಯ ಚಿತ್ರ ಬಹುಕಾಲ ಜನರ ಕಣ್ಣಿಗೇ ಬೀಳಲಿಲ್ಲ. ರೋಬ್ಸನ್ ಹೆಸರು ಕಪ್ಪುಪಟ್ಟಿಯಲ್ಲಿ ಇದ್ದದ್ದೂ ಅದಕ್ಕೆ ಒಂದು ಕಾರಣ.

ದೇಶ ಬಿಡಬಾರದು ಅಂದರೆ ದೇಶದ ಅಂಚಿಗೆ ಹೋಗಬಹುದಲ್ಲ. 1952ರ ಮೇ 18ರಂದು ಕೆನಡಾ ಗಡಿಯಲ್ಲಿ, ಅಮೆರಿಕದ ಕಡೆ ನಿಲ್ಲಿಸಿದ ಲಾರಿಯ ಮೇಲೆ ನಿಂತು ಹಾಡಿದರು. ಗಡಿಯ ಆಚೆ ಕಡೆ ಸಾವಿರಾರು ಜನ. 1957ರಲ್ಲಿ ಸಮುದ್ರದಡಿಯ ಟೆಲಿಫೋನ್ ತಂತಿಯ ಮೂಲಕ ವೇಲ್ಸ್ ಗಣಿ ಕಾರ್ಮಿಕರ ಉತ್ಸವಕ್ಕೆ ಹಾಡಿದರು. ನಡುವೆ 1956ರಲ್ಲಿ ಸಂಸತ್ತಿನ ಸಮಿತಿ ಕರೆಸಿ ಕೆಣಕಿದಾಗ ಬಗ್ಗಲಿಲ್ಲ.

ಭಾರತದ ನಂಟು ಹಳೆಯದು. 1938ರಲ್ಲಿ ಲಂಡನ್ನಿಗೆ ಹೋದ ನೆಹರೂ ಅವರನ್ನು ಸ್ವಾಗತಿಸಿದ ಸಭೆಯಲ್ಲಿ ರೋಬ್ಸನ್ ಇದ್ದರು. 1958ರಲ್ಲಿ ಅವರಿಗೆ 60 ತುಂಬಿದಾಗ ಮುಂಬೈನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಸಮಿತಿಯಾಗಿ ಇಲ್ಲಿ ಹುಟ್ಟುಹಬ್ಬ ಆಚರಿಸಿದರು. ನೆಹರೂ ಬೆಂಬಲವಿತ್ತು, ಅಮೆರಿಕ ಸರ್ಕಾರ ಅದನ್ನು ತಪ್ಪಿಸೋಕೆ ನೋಡಿತು. ಆ ವರ್ಷವೇ ಸುಪ್ರೀಂ ಕೋರ್ಟ್ ತೀರ್ಪೊಂದರಿಂದಾಗಿ ಪಾಸ್‌ಪೋರ್ಟ್ ಕೈಗೆ ಬಂತು. ಅದಕ್ಕೂ ಮೊದಲು, ಕೊಲಂಬಿಯಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅಸ್ಸಾಮಿನ ಹುಡುಗನೊಬ್ಬ ನ್ಯೂಯಾರ್ಕಿನಲ್ಲಿ ಇವರ ಸಂಪರ್ಕಕ್ಕೆ ಬಂದಿದ್ದ. ಆ ಹುಡುಗ ಭೂಪೇನ್ ಹಜಾರಿಕಾ. ಮಿಸಿಸಿಪ್ಪಿ ಅವರ ಕೈಯಲ್ಲಿ ಬ್ರಹ್ಮಪುತ್ರದ ಹಾಡಾಯಿತು, ಹಿಂದಿಯಲ್ಲಿ ಗಂಗೆಯಾಯಿತು. ಅವರು ಹಿಡಿದುಕೊಂಡದ್ದು ಹ್ಯಾಮರ್‌ಸ್ಟೈನ್ ಬರೆದ ಸೋಲನ್ನಲ್ಲ, ರೋಬ್ಸನ್ ತಂದ ಸಿಟ್ಟನ್ನು.

ಇಷ್ಟು ಮೆಚ್ಚಿ ಬರೆಯೋನು ಇನ್ನೊಂದು ಮಾತೂ ಬರೀಬೇಕು. 1949ರ ಜೂನಿನಲ್ಲಿ ಮಾಸ್ಕೋದಲ್ಲಿ ರೋಬ್ಸನ್ ತಮ್ಮ ಗೆಳೆಯ, ಯಿಡ್ಡಿಷ್ ಕವಿ ಇಟ್ಸಿಕ್ ಫೆಫರ್‌ರನ್ನು ನೋಡಬೇಕು ಅಂದರು. ಫೆಫರ್ ಆಗ ಸ್ಟಾಲಿನ್‌ನ ಸೆರೆಯಲ್ಲಿದ್ದರು, ಅಲ್ಲಿಂದಲೇ ಕರೆತಂದು ಭೇಟಿ ಮಾಡಿಸಿದರು. ಯೆಹೂದಿಗಳಿಗೆ ಏನಾಗುತ್ತಿದೆ ಅನ್ನೋದರ ಸುಳಿವು ರೋಬ್ಸನ್‌ಗೆ ಸಿಕ್ಕಿತು. ಆ ರಾತ್ರಿಯ ಕಛೇರಿಯಲ್ಲಿ ವಾರ್ಸಾದ ಯೆಹೂದಿ ದಂಗೆಯ ಹಾಡನ್ನು ಯಿಡ್ಡಿಷ್‌ನಲ್ಲೇ ಹಾಡಿದರು. ಆದರೆ ಅಮೆರಿಕಕ್ಕೆ ಬಂದು ಬಹಿರಂಗವಾಗಿ ಏನೂ ಹೇಳಲಿಲ್ಲ. ಫೆಫರ್‌ರನ್ನು 1952ರಲ್ಲಿ ಕೊಂದರು. ಅದೇ ವರ್ಷದ ಸ್ಟಾಲಿನ್ ಶಾಂತಿ ಪ್ರಶಸ್ತಿಯನ್ನು ರೋಬ್ಸನ್ ಒಪ್ಪಿಕೊಂಡರು, 1953ರಲ್ಲಿ ಸ್ಟಾಲಿನ್ ಸತ್ತಾಗ ಹೊಗಳಿ ಬರೆದರು. ತನ್ನ ದೇಶದ ವೈರಿಗಳ ಕೈಗೆ ಅಸ್ತ್ರ ಕೊಡಬಾರದು ಅನ್ನೋ ಲೆಕ್ಕ ಇದ್ದಿರಬಹುದು. ಬೇರೆಯವರ ಹಾಡಲ್ಲಿ ಸುಳ್ಳು ಕಂಡಾಗ ತಿದ್ದಿದ ಮನುಷ್ಯ ಇಲ್ಲಿ ಯಾಕೆ ತಿದ್ದಲಿಲ್ಲ ಅನ್ನೋ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1960ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ, ಇನ್ನೂ ಕಟ್ಟುತ್ತಿದ್ದ ಸಿಡ್ನಿ ಒಪೆರಾ ಹೌಸ್‌ನ ಕೆಲಸಗಾರರ ನಡುವೆ ನಿಂತು ಹಾಡಿದರು. ಸುತ್ತ ಕಬ್ಬಿಣ, ಕಾಂಕ್ರೀಟು, ಕಟ್ಟೆ ಮೇಲೆ ಹತ್ತಿ ಕೂತ ಗಂಡಸರು. ಹಾಡಿದ್ದರಲ್ಲಿ ಇದೂ ಒಂದು. ಮರುವರ್ಷ ಮಾಸ್ಕೋದಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದರು. ಲಂಡನ್ನಿನ ಆಸ್ಪತ್ರೆಯಲ್ಲಿ ಮಿದುಳಿಗೆ ಮತ್ತೆ ಮತ್ತೆ ವಿದ್ಯುತ್ ಶಾಕ್ ಕೊಟ್ಟರು. 1963ರಲ್ಲಿ ಊರಿಗೆ ಮರಳಿದರು, 1965ರಲ್ಲಿ ಎಸ್‌ಲಾಂಡಾ ಹೋದರು. ಕೊನೆಯ ವರ್ಷಗಳನ್ನು ಫಿಲಡೆಲ್ಫಿಯಾದಲ್ಲಿ ಅಕ್ಕ ಮರಿಯನ್ ಮನೆಯಲ್ಲಿ, ಹೆಚ್ಚು ಜನರ ಕಣ್ಣಿಗೆ ಬೀಳದೆ ಕಳೆದರು. 1976ರ ಜನವರಿ 23ರಂದು ತೀರಿಕೊಂಡರು. ಅಂತಿಮ ಪ್ರಾರ್ಥನೆ ನಡೆದದ್ದು ಹಾರ್ಲೆಮ್‌ನ ಚರ್ಚಿನಲ್ಲಿ, ಅವರಣ್ಣ ಬೆನ್ ಬಹಳ ವರ್ಷ ಪಾದ್ರಿಯಾಗಿದ್ದ ಜಾಗದಲ್ಲಿ. ಫುಟ್‌ಬಾಲ್‌ನವರು ಅವರ ಹೆಸರನ್ನು ಗೌರವದ ಪಟ್ಟಿಗೆ ಸೇರಿಸಿದ್ದು 1995ರಲ್ಲಿ.